ಕಬ್ಬಿಣದ ನೇಗಿಲು ಮಣ್ಣಿಗೆ ವಿಷವೇ? ಲಕ್ಷ್ಮಣರಾವ್ ಕಿರ್ಲೋಸ್ಕರ್ ಮತ್ತು ಪಂಪಿನೊಳಗಿನ ಗ್ರೂವ್

ಕಕ್ಕಿಂಜೆಯಿಂದ ಚಾರ್ಮಾಡಿ ಕಡೆಗಿನ ಅಡಿಕೆ ತೋಟಗಳಲ್ಲಿ ಬೇಸಿಗೆ ಬಂತೆಂದರೆ ಪಂಪಿನ ಸದ್ದು ನಿಲ್ಲುವುದಿಲ್ಲ. ಪಂಪು ಬಿಚ್ಚಿ ನೋಡಿದವರಿಗೆ ಗೊತ್ತು, ಎಷ್ಟೋ ಪಂಪುಗಳ ಮುಚ್ಚಳದಲ್ಲಿ ಒಂದು ವೃತ್ತಾಕಾರದ ಗ್ರೂವ್ ಇರುತ್ತದೆ, ಅದರೊಳಗೆ ಒಂದು ಕಪ್ಪು ರಬ್ಬರ್ ಉಂಗುರ. ಆ ಗ್ರೂವ್ ಕೂದಲೆಳೆಯಷ್ಟು ಹೆಚ್ಚು ಆಳವಾದರೆ ರಬ್ಬರ್ ಒತ್ತಿಕೊಳ್ಳುವುದಿಲ್ಲ, ನೀರು ಸೋರುತ್ತದೆ. ಪಂಪಿನ ಮೇಲೆ ಅಚ್ಚಾಗಿರುವ ಹೆಸರುಗಳಲ್ಲಿ ಕಿರ್ಲೋಸ್ಕರ್ ನಮಗೆಲ್ಲ ಪರಿಚಿತ. ಅದು ಜರ್ಮನಿಯದೋ ಇಂಗ್ಲೆಂಡಿನದೋ ಕಂಪನಿ ಎಂದು ತಿಳಿದವರು ಇಂದಿಗೂ ಸಿಗುತ್ತಾರೆ. ಅಲ್ಲ. ಅದನ್ನು ಕಟ್ಟಿದವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ, 1869ರ ಜೂನ್ 20ರಂದು.

ಲಕ್ಷ್ಮಣ ಎಂಬ ಆ ಹುಡುಗನಿಗೆ ಓದಿಗಿಂತ ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರಗಳಲ್ಲಿ ಆಸಕ್ತಿ. ತಂದೆಗೆ ಇದು ಸರಿಬರಲಿಲ್ಲ. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತರು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದ್ದೂ ಆಯಿತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಒಂದು ವಿಷಯ ಹೊರಬಿತ್ತು. ಅವರಿಗೆ ಭಾಗಶಃ ವರ್ಣಾಂಧತೆ ಇತ್ತು. ಬಣ್ಣದ ಚಿತ್ರಕಲೆಯ ದಾರಿ ಅಲ್ಲಿಗೆ ಮುಚ್ಚಿತು. ಮನೆಯವರನ್ನು ಎದುರುಹಾಕಿಕೊಂಡು ದೂರದ ಊರಿಗೆ ಬಂದ ಹದಿಹರೆಯದ ಹುಡುಗನಿಗೆ ಇದು ಸಣ್ಣ ಪೆಟ್ಟಲ್ಲ.

ವರ್ಣಾಂಧತೆಯ ಬಗ್ಗೆ ಓಡಾಡುವ ಫಾರ್ವರ್ಡ್‌ಗಳಲ್ಲಿ ಹೆಚ್ಚಿನವು ತಪ್ಪು. ಈ ತೊಂದರೆ ಇರುವವರಿಗೆ ಜಗತ್ತು ಹಳೆಯ ಸಿನಿಮಾದ ಹಾಗೆ ಕಪ್ಪು-ಬಿಳುಪಾಗಿ ಕಾಣುತ್ತದೆ ಎಂಬುದು ಮೊದಲನೆಯ ತಪ್ಪು. ಹಾಗೆ ಕಾಣುವವರು ತೀರಾ ವಿರಳ. ಬಹುತೇಕರಿಗೆ ಬಣ್ಣಗಳು ಕಾಣುತ್ತವೆ, ಕೆಂಪು-ಹಸಿರಿನಂಥ ಕೆಲವು ಜೋಡಿಗಳಲ್ಲಿ ಮಾತ್ರ ಗೊಂದಲ. ಕಣ್ಣಿನ ಹಿಂಪರದೆಯಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ಕೆಂಪು-ಹಸಿರಿನ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಇದು ಗಂಡಸರಲ್ಲೇ ಹೆಚ್ಚು, ಮತ್ತು ಅವರಿಗೆ ಬರುವುದು ತಾಯಿಯ ಕಡೆಯಿಂದ. ಹುಟ್ಟಿನಿಂದ ಬಂದ ವರ್ಣಾಂಧತೆಯನ್ನು ಕ್ಯಾರೆಟ್ ರಸವಾಗಲಿ ಕಣ್ಣಿನ ವ್ಯಾಯಾಮವಾಗಲಿ ವಾಸಿ ಮಾಡುವುದಿಲ್ಲ. ಅದರಿಂದ ಬುದ್ಧಿಯೂ ಮಂದವಾಗುವುದಿಲ್ಲ, ಅಳತೆಯ ಕಣ್ಣೂ ಕೆಡುವುದಿಲ್ಲ.

ಲಕ್ಷ್ಮಣರಾಯರ ವಿಷಯದಲ್ಲಿ ಮುಖ್ಯವಾದದ್ದು ಈ ಕೊನೆಯ ಅಂಶವೇ. ಚಿತ್ರಕಲೆ ಬಿಟ್ಟರೂ ಯಾಂತ್ರಿಕ ರೇಖಾಚಿತ್ರವನ್ನು ಅವರು ಬಿಡಲಿಲ್ಲ. ಅಲ್ಲಿ ಬಣ್ಣಕ್ಕೆ ಕೆಲಸವಿಲ್ಲ. ಗೆರೆ, ಕೇಂದ್ರ, ತ್ರಿಜ್ಯ, ಆಳ ಇಷ್ಟೇ. ಅದನ್ನೇ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಕಲಿಸುವ ಕೆಲಸವೂ ಸಿಕ್ಕಿತು. ಬಿಡುವಿನಲ್ಲಿ ಅಲ್ಲಿನ ವರ್ಕ್‌ಶಾಪಿನಲ್ಲಿ ಕೈ ಕೊಳೆ ಮಾಡಿಕೊಂಡು ಯಂತ್ರಗಳನ್ನು ಅರಿತರು.

ಆ ಗೆರೆ ಮತ್ತು ಅಂಕಿಗಳೇ ಇಂದು ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ನಿನ ಭಾಷೆ. ಪಂಪಿನ ಮುಚ್ಚಳದ ಗ್ರೂವ್ ಅನ್ನೇ ತೆಗೆದುಕೊಳ್ಳಿ. ರಬ್ಬರ್ ಉಂಗುರದ ದಪ್ಪ 3.5 ಮಿ.ಮೀ. ಎಂದಿಟ್ಟುಕೊಳ್ಳೋಣ. ಗ್ರೂವ್‌ನ ಆಳ 2.8 ಇದ್ದರೆ ಮುಚ್ಚಳ ಬಿಗಿದಾಗ ರಬ್ಬರ್ 0.7 ಮಿ.ಮೀ. ಒತ್ತಿಕೊಳ್ಳುತ್ತದೆ, ಅಂದರೆ ಶೇಕಡಾ 20. ಅದೇ ಆಳ 3.2 ಆಗಿಬಿಟ್ಟರೆ ಒತ್ತು ಶೇಕಡಾ 9ಕ್ಕಿಂತ ಕಡಿಮೆ, ಸೋರುವ ಸಂಭವವೇ ಹೆಚ್ಚು. ಒತ್ತಿದ ರಬ್ಬರಿಗೆ ಅಡ್ಡಕ್ಕೆ ಹರಡಲು ಜಾಗ ಬೇಕು, ಆದ್ದರಿಂದ ಅಗಲ 4.8 ಇಡೋಣ. ಗ್ರೂವ್‌ನ ನಡುಗೆರೆಯ ತ್ರಿಜ್ಯ 30.

ನಮ್ಮ ಬಳಿ ಇರುವುದು 4 ಮಿ.ಮೀ.ನ ಎಂಡ್ ಮಿಲ್. ಹಾಗಾಗಿ ಎರಡು ಸುತ್ತು ಬೇಕು, ಒಂದು 29.6ರ ತ್ರಿಜ್ಯದಲ್ಲಿ, ಇನ್ನೊಂದು 30.4ರಲ್ಲಿ. ಟೂಲಿನ ಅರ್ಧ ಅಗಲ 2 ಮಿ.ಮೀ. ಆದ್ದರಿಂದ ಒಳಗೋಡೆ 27.6ಕ್ಕೆ, ಹೊರಗೋಡೆ 32.4ಕ್ಕೆ ನಿಲ್ಲುತ್ತದೆ. ಕಳೆದು ನೋಡಿ, 4.8 ಬರುತ್ತದೆ. ವೃತ್ತದ ಕೇಂದ್ರವನ್ನು ಸೊನ್ನೆ ಮಾಡಿಕೊಂಡು ಟೂಲನ್ನು ಎಕ್ಸ್ 29.6, ವೈ 0 ಇರುವಲ್ಲಿಗೆ ತಂದು ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ. ಪ್ರತಿ ಆಳಕ್ಕೂ ಜಿ02 ಐ-29.6 ಜೆ0 ಎಂದರೆ ಒಂದು ಪೂರ್ತಿ ಸುತ್ತು. ಜಿ02 ಗಡಿಯಾರದ ದಿಕ್ಕು, ಜಿ03 ಅದರ ವಿರುದ್ಧ. ಐ ಮತ್ತು ಜೆ ಎಂದರೆ ಟೂಲ್ ನಿಂತ ಜಾಗದಿಂದ ಕೇಂದ್ರ ಎಷ್ಟು ದೂರ, ಯಾವ ಕಡೆಗೆ ಎಂಬುದು. ಕೇಂದ್ರ ಎಡಕ್ಕಿರುವುದರಿಂದ ಮೈನಸ್.

ಹೊಸಬರು ಇಲ್ಲಿ ಒಂದು ಕಡೆ ಎಡವುತ್ತಾರೆ. ಐ, ಜೆ ಯಾಕೆ, ತ್ರಿಜ್ಯವನ್ನು ಆರ್ ಎಂದು ಕೊಟ್ಟರೆ ಸಾಲದೇ? ಕಮಾನಿಗೆ ಸಾಕು, ಪೂರ್ಣ ವೃತ್ತಕ್ಕೆ ಸಾಲದು. ಒಂದು ಕೈವಾರ ತೆಗೆದುಕೊಂಡು ಯೋಚಿಸಿ. ಕಾಗದದ ಮೇಲೆ ಒಂದೇ ಚುಕ್ಕೆ ಇದೆ, ತ್ರಿಜ್ಯ ಗೊತ್ತಿದೆ. ಆ ಚುಕ್ಕೆಯ ಮೂಲಕ ಹಾದುಹೋಗುವ ವೃತ್ತಗಳು ಲೆಕ್ಕವಿಲ್ಲದಷ್ಟು. ಪೂರ್ಣ ಸುತ್ತಿನಲ್ಲಿ ಶುರುವೂ ಕೊನೆಯೂ ಒಂದೇ ಚುಕ್ಕೆಯಾದ್ದರಿಂದ ಯಾವ ವೃತ್ತ ಎಂದು ಮೆಷಿನ್ನಿಗೆ ತಿಳಿಯುವುದಿಲ್ಲ. ಕೆಲವು ಕಂಟ್ರೋಲರ್‌ಗಳು ಅಲ್ಲಾಡುವುದಿಲ್ಲ, ಕೆಲವು ಅಲಾರಂ ಕೊಡುತ್ತವೆ. ಮೊದಲು ಕೇಂದ್ರ, ಆಮೇಲೆ ತ್ರಿಜ್ಯ: ರೇಖಾಚಿತ್ರದ ಮೇಷ್ಟ್ರು ಕಲಿಸುತ್ತಿದ್ದದ್ದೂ ಇದೇ ಕ್ರಮ.

ಇನ್ನು ಆಳದ ಪ್ರಶ್ನೆ. ಮೆಷಿನ್ನಿನಲ್ಲಿ ಹತ್ತಾರು ಟೂಲುಗಳಿರುತ್ತವೆ, ಒಂದೊಂದರ ಉದ್ದ ಒಂದೊಂದು. ಪ್ರೋಗ್ರಾಂ ಬರೆಯುವವರು ಝಡ್ -2.8 ಎಂದಷ್ಟೇ ಬರೆಯುತ್ತಾರೆ. ಯಾವ ಟೂಲಿನ ತುದಿ ಎಲ್ಲಿದೆ ಎಂಬುದನ್ನು ಟೂಲ್ ಹೈಟ್ ಆಫ್‌ಸೆಟ್ ಹೇಳಬೇಕು. ಜಿ43 ಎಚ್02 ಎಂದರೆ ಎರಡನೆಯ ಸಾಲಿನಲ್ಲಿ ಬರೆದಿಟ್ಟ ಉದ್ದವನ್ನು ಲೆಕ್ಕಕ್ಕೆ ಸೇರಿಸಿಕೋ ಎಂದರ್ಥ. 80 ಮಿ.ಮೀ. ಉದ್ದದ ಎಂಡ್ ಮಿಲ್ಲಿಗೆ ಕೈತಪ್ಪಿ 120 ಮಿ.ಮೀ. ಡ್ರಿಲ್ಲಿನ ಎಚ್ ಸಂಖ್ಯೆ ಕೊಟ್ಟರೆ ಟೂಲು 40 ಮಿ.ಮೀ. ಮೇಲೆ ಗಾಳಿಯಲ್ಲೇ ಸುತ್ತುತ್ತದೆ. ನಗಬಹುದು. ಡ್ರಿಲ್ಲಿಗೆ ಎಂಡ್ ಮಿಲ್ಲಿನ ಸಂಖ್ಯೆ ಕೊಟ್ಟರೆ ಅದು 40 ಮಿ.ಮೀ. ಹೆಚ್ಚು ಕೆಳಗಿಳಿದು ಕೆಲಸದ ತುಂಡಿಗೆ ಗುದ್ದುತ್ತದೆ. ಟೂಲು ಚೂರಾಗುತ್ತದೆ, ಸ್ಪಿಂಡಲ್ ಬೇರಿಂಗ್ ಹಾಳಾಗಬಹುದು, ಬಾಗಿಲು ತೆರೆದಿಟ್ಟಿದ್ದರೆ ಚೂರು ಯಾರ ಮುಖಕ್ಕೂ ಬಡಿಯಬಹುದು. ಅದಕ್ಕೇ ಮೊದಲ ಸಲ ಓಡಿಸುವಾಗ ಸಿಂಗಲ್ ಬ್ಲಾಕ್‌ನಲ್ಲಿ, ಟೂಲ್ ಮೇಲಿಟ್ಟು, ಫೀಡ್ ಗುಂಡಿಯ ಮೇಲೆ ಕೈಯಿಟ್ಟು ಓಡಿಸುವುದು. ಎತ್ತರ ಹಿಡಿಯಲು ಕಾಗದದ ಚೂರು ಬಳಸುವವರು ಅದರ ದಪ್ಪ ಸುಮಾರು 0.1 ಮಿ.ಮೀ. ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಿಎನ್‌ಸಿ ಬಂದ ಮೇಲೆ ಕೆಲಸ ಗೊತ್ತಿರುವ ಮನುಷ್ಯ ಬೇಕಾಗಿಲ್ಲ ಎನ್ನುವ ವಿಡಿಯೋಗಳು ಈ ಭಾಗವನ್ನು ತೋರಿಸುವುದಿಲ್ಲ!

ಮತ್ತೆ ಮುಂಬಯಿಗೆ. ಸಿಗಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ನರಿಗೆ ಹೋಯಿತು. ಲಕ್ಷ್ಮಣರಾಯರು ಕೆಲಸ ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣನ ಜತೆಗಿನ ಸೈಕಲ್ ವ್ಯಾಪಾರವಿತ್ತು. ಕಿರ್ಲೋಸ್ಕರ್ ಬ್ರದರ್ಸ್ ತನ್ನ ಹುಟ್ಟನ್ನು 1888ರಿಂದ ಎಣಿಸುವುದು ಈ ಅಂಗಡಿಯ ಲೆಕ್ಕದಲ್ಲಿ. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ 1903ರ ಹೊತ್ತಿಗೆ ಕಬ್ಬಿಣದ ನೇಗಿಲಿಗೆ ಬಂದರು.

ನೇಗಿಲು ತಯಾರಾಯಿತು, ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ, ಬೆಳೆ ಬರುವುದಿಲ್ಲ ಎಂಬ ನಂಬಿಕೆ ರೈತರಲ್ಲಿ ಬಲವಾಗಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ನಮ್ಮ ರೈತರನ್ನು ಮಾತ್ರ ಹಳಿಯಬೇಕಾಗಿಲ್ಲ. 1797ರಲ್ಲಿ ಅಮೆರಿಕದ ಚಾರ್ಲ್ಸ್ ನ್ಯೂಬೋಲ್ಡ್ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದಾಗ ಅಲ್ಲಿನ ರೈತರೂ ಇದೇ ಭಯದಿಂದ ದೂರ ಉಳಿದಿದ್ದರು. ಸತ್ಯ ಏನೆಂದರೆ ಕಬ್ಬಿಣ ಮಣ್ಣಿನಲ್ಲೇ ಧಾರಾಳವಾಗಿದೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಮುರಕಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದಲೇ. ಗಿಡಕ್ಕೂ ಕಬ್ಬಿಣ ಬೇಕು, ಅದಿಲ್ಲದಿದ್ದರೆ ಎಳೆ ಎಲೆ ಹಳದಿಯಾಗುತ್ತದೆ. ನೇಗಿಲಿನ ಮೊನೆ ಸವೆದು ಉದುರುವ ಕಬ್ಬಿಣ, ಮಣ್ಣಿನಲ್ಲಿ ಮೊದಲೇ ಇರುವುದರ ಮುಂದೆ ಏನೂ ಅಲ್ಲ. ಇಷ್ಟಾದರೂ ಒಬ್ಬ ರೈತನ ಕಡೆಯಿಂದ ನೋಡಿ: ವರ್ಷದ ಅನ್ನವೇ ಆ ಹೊಲ. ಗುರುತಿಲ್ಲದ ವಸ್ತುವಿಗೆ ಅದನ್ನು ಒಡ್ಡಲು ಹಿಂಜರಿದದ್ದು ದಡ್ಡತನ ಎಂದು ನನಗನ್ನಿಸುವುದಿಲ್ಲ. ಪಕ್ಕದ ಹೊಲದಲ್ಲಿ ಬೆಳೆ ಬಂದದ್ದನ್ನು ಕಣ್ಣಾರೆ ಕಾಣುವ ತನಕ ಅವರು ಕಾದರು, ಅಷ್ಟೆ.

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಏಟು. ಹೊಸ ಬಡಾವಣೆಗಾಗಿ ಬೆಳಗಾವಿಯ ಜಾಗ ಬಿಡಬೇಕಾಯಿತು. ಔಂಧ್ ಸಂಸ್ಥಾನದ ಅರಸರು ನೆರವಾದರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಸಿಕ್ಕಿತು, ಪಾಪಾಸುಕಳ್ಳಿ ಮತ್ತು ನಾಗರಹಾವುಗಳ ನೆಲ. ಅಲ್ಲಿ 1910ರಲ್ಲಿ ಕಾರ್ಖಾನೆಯೂ ಅದರ ಸುತ್ತ ಊರೂ ಎದ್ದವು, ಅದೇ ಕಿರ್ಲೋಸ್ಕರವಾಡಿ. ಅಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಸೆರೆಮನೆಯಿಂದ ಹೊರಬಂದವರನ್ನು ಕಾವಲಿಗೆ ನೇಮಿಸಿದ್ದರು. ಪಂಪುಗಳೂ ಮುಂದೆ ಅಲ್ಲಿಂದಲೇ ಹೊರಟವು.

1941ರಲ್ಲಿ ಈ ಮನೆತನ ಕನ್ನಡ ನಾಡಿಗೆ ಮರಳಿತು, ತುಂಗಭದ್ರೆಯ ದಡದ ಹರಿಹರಕ್ಕೆ. ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸಿದ್ದು ಲೇತ್‌ಗಳನ್ನು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರಗಳನ್ನು. ಬೆಂಗಳೂರಿನ ಎಚ್‌ಎಂಟಿ ಹುಟ್ಟಿದ್ದು ಅದಾಗಿ ಹನ್ನೆರಡು ವರ್ಷಕ್ಕೆ, 1953ರಲ್ಲಿ. ಹರಿಹರದ ಕಾರ್ಖಾನೆ ಈಗ ಮುಚ್ಚಿದೆ.

ಅಮೆರಿಕದ ಎಂಐಟಿಯಲ್ಲಿ ಅಂಕಿಗಳ ಆಜ್ಞೆಯಂತೆ ನಡೆಯುವ ಮೊದಲ ಮಿಲ್ಲಿಂಗ್ ಮೆಷಿನ್ ಪ್ರದರ್ಶನಗೊಂಡದ್ದು 1952ರಲ್ಲಿ. ಲಕ್ಷ್ಮಣರಾಯರ ಮಗ ಶಂತನುರಾವ್ ಎಂಜಿನಿಯರಿಂಗ್ ಓದಿದ್ದು ಅದೇ ಸಂಸ್ಥೆಯಲ್ಲಿ, ಅದಕ್ಕೂ ಕಾಲು ಶತಮಾನ ಮೊದಲು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ನೂರನೆಯ ಹುಟ್ಟುಹಬ್ಬಕ್ಕೆ, 1969ರಲ್ಲಿ, ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.