ವೀರೇಂದ್ರ ಪಾಟೀಲ: ತೀರ್ಪು ಬರುವಷ್ಟರಲ್ಲಿ ಕುರ್ಚಿ ಹೋಗಿತ್ತು
ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ 1924ರಲ್ಲಿ ಜನಿಸಿದ ವೀರೇಂದ್ರ ಪಾಟೀಲರು 1968ರಲ್ಲಿ ಮುಖ್ಯಮಂತ್ರಿಯಾದರು. 1971ರಲ್ಲಿ ಅವರ ಸರ್ಕಾರ ಪತನಗೊಂಡು, ರಾಜ್ಯ ಮೊದಲ ಬಾರಿಗೆ ರಾಷ್ಟ್ರಪತಿ ಆಳ್ವಿಕೆಗೆ ಒಳಪಟ್ಟಿತು.

1989ರಲ್ಲಿ ಕಾಂಗ್ರೆಸ್ 224 ಕ್ಷೇತ್ರಗಳ ಪೈಕಿ 178ರಲ್ಲಿ ಗೆದ್ದಾಗ ಪಾಟೀಲರು ಮತ್ತೆ ಅಧಿಕಾರಕ್ಕೇರಿದರು. ಮರುವರ್ಷ ಅನಾರೋಗ್ಯಕ್ಕೀಡಾದ ಅವರನ್ನು ಬದಲಿಸಲು ಪಕ್ಷದ ವರಿಷ್ಠರು ಮುಂದಾದರು. ಪಾಟೀಲರು ರಾಜೀನಾಮೆಗೆ ಒಪ್ಪಲಿಲ್ಲ. 1990ರ ಅಕ್ಟೋಬರ್ 10ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. ವಾರದಲ್ಲೇ ಅದೇ ಪಕ್ಷದ ಎಸ್.ಬಂಗಾರಪ್ಪ ಪ್ರಮಾಣವಚನ ಸ್ವೀಕರಿಸಿದರು.

ಇಂಥ ಘೋಷಣೆ ನ್ಯಾಯಾಂಗದ ಪರಿಶೀಲನೆಗೆ ಒಳಪಡುತ್ತದೆ, ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 1994ರ ಮಾರ್ಚ್ 11ರಂದು. 1989ರಲ್ಲಿ ವಜಾಗೊಂಡಿದ್ದ ಮುಖ್ಯಮಂತ್ರಿ ಎಸ್.ಆರ್.ಬೊಮ್ಮಾಯಿ ಅವರ ಪ್ರಕರಣವದು. ರಾಜಭವನದ ವರದಿಯೇ ಅಂತಿಮವೆಂಬ ಕಾಲ ಅಲ್ಲಿಗೆ ಮುಗಿಯಿತು. ಪಾಟೀಲರ ಪಾಲಿಗೆ ಮಾತ್ರ ಅದು ಸುಮಾರು ಮೂರೂವರೆ ವರ್ಷ ತಡವಾಗಿತ್ತು. 1997ರಲ್ಲಿ ಅವರು ನಿಧನರಾದರು.