ಹೈಡ್ರೋಕಾರ್ಬನ್‌ಗಳಿಗೆ ಖಾತೆ ಬರೆದವರು

ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್ ಎಂಬ ಹೆಸರುಗಳನ್ನು ನಮ್ಮ ಪ್ರೌಢಶಾಲೆಗಳ ಮಕ್ಕಳು ವರ್ಷವರ್ಷವೂ ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಇವು ಆಕಾಶದಿಂದ ಉದುರಿದ ಹೆಸರುಗಳಲ್ಲ, ಇವುಗಳಿಗೆ ಒಂದು ಕಟ್ಟು ತಂದವರು ಭಾಷೆಗಳನ್ನು ಓದಲು ಹೊರಟು ರಸಾಯನಶಾಸ್ತ್ರಕ್ಕೆ ಬಂದ ಒಬ್ಬ ಜರ್ಮನ್ ವಿದ್ವಾಂಸರು ಎಂಬುದನ್ನು ಆ ಮಕ್ಕಳಿಗೆ ಯಾರೂ ಹೇಳಿದಂತೆ ಕಾಣುವುದಿಲ್ಲ. ನಾನು ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ನೌಕರಿ. ಕೈಗಾರಿಕೆಗಳ ಚರಿತ್ರೆಯನ್ನು ಓದುವಾಗ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ ಅವರ ಹೆಸರು ಮತ್ತೆ ಮತ್ತೆ ಎದುರಾಗುತ್ತಿತ್ತು. ನಿವೃತ್ತಿಯ ನಂತರ ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ನೆಲೆಸಿದ ಮೇಲೆ ಅವರ ಜೀವನವನ್ನು ಬಿಡುವಾಗಿ ಓದುವ ಅವಕಾಶ ದೊರೆಯಿತು.

ಹಾಫ್‌ಮನ್ ಜನಿಸಿದ್ದು 1818ರ ಏಪ್ರಿಲ್ 8ರಂದು, ಜರ್ಮನಿಯ ಗೀಸನ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ವಾಸ್ತುಶಿಲ್ಪಿ. ಮಗ ಮೊದಲು ಕೈಹಾಕಿದ್ದು ಕಾನೂನು ಮತ್ತು ಭಾಷಾಧ್ಯಯನಕ್ಕೆ. ಆದರೆ ಆ ಪುಟ್ಟ ಊರಿನಲ್ಲಿ ಯೂಸ್ಟಸ್ ಲೀಬಿಗ್ ಅವರ ಪ್ರಯೋಗಾಲಯವಿತ್ತು. ವಿದ್ಯಾರ್ಥಿಗಳನ್ನು ಸಾಲಾಗಿ ಕೂರಿಸಿ ಉಪನ್ಯಾಸ ಮಾಡುವುದರ ಬದಲು ಅವರ ಕೈಗೇ ಗಾಜಿನ ನಳಿಕೆ ಕೊಟ್ಟು ಕಲಿಸುವ ಪದ್ಧತಿಯನ್ನು ಜಗತ್ತಿಗೆ ತೋರಿಸಿಕೊಟ್ಟ ಪ್ರಯೋಗಾಲಯ ಅದು. ಅದರ ವಿಸ್ತರಣಾ ಕಟ್ಟಡದ ಹೊಣೆ ಹೊತ್ತವರು ಹಾಫ್‌ಮನ್ನರ ತಂದೆಯೇ. ಮಗ ಲೀಬಿಗ್ ಅವರ ಶಿಷ್ಯರಾಗಿ 1841ರಲ್ಲಿ ಡಾಕ್ಟರೇಟ್ ಪಡೆದರು.

ಅವರ ಕೈಗೆ ಮೊದಲು ಸಿಕ್ಕ ವಸ್ತು ಕಲ್ಲಿದ್ದಲ ಡಾಂಬರು. ಕಲ್ಲಿದ್ದಲಿನಿಂದ ಬೀದಿದೀಪದ ಅನಿಲ ತೆಗೆದ ಮೇಲೆ ಉಳಿಯುತ್ತಿದ್ದ, ಕೆಟ್ಟ ವಾಸನೆಯ ಕಪ್ಪು ಕಸ. ಅದರಿಂದ ಬೇರ್ಪಡಿಸಿದ ಎಣ್ಣೆಯಂಥ ಒಂದು ಪದಾರ್ಥವನ್ನು ಅವರು ಪರೀಕ್ಷಿಸಿದಾಗ ವಿಚಿತ್ರವೊಂದು ಹೊರಬಿತ್ತು. ಅದೇ ಪದಾರ್ಥವನ್ನು ಅದುವರೆಗೆ ನಾಲ್ವರು ನಾಲ್ಕು ದಾರಿಯಲ್ಲಿ ಕಂಡುಹಿಡಿದು ನಾಲ್ಕು ಹೆಸರಿಟ್ಟಿದ್ದರು: ಉನ್‌ಫರ್ಡಾರ್ಬೆನ್ ಅವರದು ಕ್ರಿಸ್ಟಲಿನ್, ರುಂಗೆ ಅವರದು ಕಯನಾಲ್, ಫ್ರಿಟ್ಸೆ ಅವರದು ಅನಿಲಿನ್, ಜಿನಿನ್ ಅವರದು ಬೆಂಜಿಡಾಮ್. ನಾಲ್ಕೂ ಒಂದೇ ಎಂದು 1843ರಲ್ಲಿ ಹಾಫ್‌ಮನ್ ಸಿದ್ಧಪಡಿಸಿದರು. ಕಂದಾಯ ಇಲಾಖೆಯ ಕಡತಗಳನ್ನು ನೋಡಿದವರಿಗೆ ಇದರ ಮಹತ್ವ ಥಟ್ಟನೆ ತಿಳಿಯುತ್ತದೆ. ಒಂದೇ ಜಮೀನಿಗೆ ನಾಲ್ಕು ಖಾತೆಗಳಿದ್ದರೆ ಆ ಜಮೀನಿನ ಮೇಲೆ ಯಾವ ವ್ಯವಹಾರವೂ ನೆಟ್ಟಗೆ ನಡೆಯುವುದಿಲ್ಲ. ನಾಲ್ಕರಲ್ಲಿ ಉಳಿದುಕೊಂಡದ್ದು ಅನಿಲಿನ್. ಆ ಹೆಸರು ನಮಗೆ ದೂರದ್ದೇನೂ ಅಲ್ಲ. ಫ್ರಿಟ್ಸೆ ಅದನ್ನು ಪಡೆದದ್ದು ನೀಲಿಯ ಗಿಡದ ಬಣ್ಣದಿಂದ; ಪೋರ್ಚುಗೀಸರು ನೀಲಿಯನ್ನು ಅನಿಲ್ ಎನ್ನುತ್ತಿದ್ದರು; ಅವರಿಗೆ ಅದು ಬಂದದ್ದು ಅರಬ್ಬರಿಂದ; ಅರಬ್ಬರಿಗೆ ನಮ್ಮ ನೀಲ ಶಬ್ದದಿಂದ.

1845ರಲ್ಲಿ ಲಂಡನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ಕೆಮಿಸ್ಟ್ರಿ ಆರಂಭವಾದಾಗ, ರಾಣಿ ವಿಕ್ಟೋರಿಯಾ ಅವರ ಪತಿ ಆಲ್ಬರ್ಟ್ ಅವರ ಒತ್ತಾಸೆಯಿಂದ, ಇಪ್ಪತ್ತೇಳು ವರ್ಷದ ಹಾಫ್‌ಮನ್ ಅದರ ಮುಖ್ಯಸ್ಥರಾದರು. ಎರಡು ವರ್ಷದ ಮಟ್ಟಿಗೆಂದು ಹೋದವರು ಇಪ್ಪತ್ತು ವರ್ಷ ಉಳಿದರು. ಮಾತೃಭಾಷೆಯಲ್ಲದ ಇಂಗ್ಲಿಷಿನಲ್ಲಿ ಪಾಠ ಹೇಳಿದರು. ಕಾಲೇಜಿಗೆ ಚಂದಾ ಕೊಟ್ಟವರಲ್ಲಿ ಬಹಳಷ್ಟು ಮಂದಿ ಜಮೀನ್ದಾರರು. ರಸಾಯನಶಾಸ್ತ್ರದಿಂದ ತಮ್ಮ ಹೊಲದ ಇಳುವರಿ ಕೂಡಲೇ ಹೆಚ್ಚುತ್ತದೆಂದು ನಂಬಿದವರು. ಹಾಗಾಗದಿದ್ದಾಗ ಚಂದಾ ಬತ್ತಿತು. ಕೊನೆಗೆ 1853ರಲ್ಲಿ ಸರ್ಕಾರವೇ ಕಾಲೇಜನ್ನು ವಹಿಸಿಕೊಳ್ಳಬೇಕಾಯಿತು. ಮೂಲ ವಿಜ್ಞಾನದ ಬೋಧನೆಗೆ ಹಾಕಿದ ಹಣವು ಯಾವ ಬಾಗಿಲಿನಿಂದ ಹಿಂದಿರುಗುತ್ತದೆಂದು ಹಣ ಹಾಕಿದವನಿಗೆ ಮೊದಲೇ ತಿಳಿಯುವುದಿಲ್ಲ. ಆಯವ್ಯಯದ ಸಭೆಗಳಲ್ಲಿ ಈ ಸಂಗತಿಯನ್ನು ಮನಗಾಣಿಸುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ.

ಹಣ ಹಿಂದಿರುಗಿದ್ದು ಬಣ್ಣದ ಬಾಗಿಲಿನಿಂದ. ಡಾಂಬರಿನಲ್ಲಿ ಬೆಂಜೀನ್ ಇದೆಯೆಂದು ಹಾಫ್‌ಮನ್ ತೋರಿಸಿದರು. ಅದನ್ನು ಹೇರಳವಾಗಿ ಬೇರ್ಪಡಿಸುವ ಕ್ರಮವನ್ನು ಅವರ ಶಿಷ್ಯ ಚಾರ್ಲ್ಸ್ ಮ್ಯಾನ್ಸ್‌ಫೀಲ್ಡ್ ರೂಪಿಸಿದರು. 1855ರಲ್ಲಿ ಭಟ್ಟಿ ಇಳಿಸುವಾಗ ಬೆಂಕಿ ಹತ್ತಿ, ಸುಟ್ಟ ಗಾಯಗಳಿಂದ ಅವರು ತೀರಿಕೊಂಡರು. ಮರುವರ್ಷ ಹದಿನೆಂಟರ ಹರೆಯದ ಮತ್ತೊಬ್ಬ ಶಿಷ್ಯ ವಿಲಿಯಂ ಪರ್ಕಿನ್, ಮಲೇರಿಯಾಕ್ಕೆ ಮದ್ದಾದ ಕ್ವಿನೈನನ್ನು ಕೃತಕವಾಗಿ ತಯಾರಿಸುವ ಯತ್ನದಲ್ಲಿದ್ದರು. ಕ್ವಿನೈನ್ ಸಿಗಲಿಲ್ಲ, ಅನಿಲಿನ್‌ನಿಂದ ನೇರಳೆ ಬಣ್ಣ ಸಿಕ್ಕಿತು. ಓದು ಬಿಟ್ಟು ಕಾರ್ಖಾನೆ ತೆರೆಯುವ ಹುಡುಗನ ನಿರ್ಧಾರ ಗುರುಗಳಿಗೆ ಹಿಡಿಸಲಿಲ್ಲ. ಆದರೆ ಕೆಲವೇ ವರ್ಷಗಳಲ್ಲಿ ಹಾಫ್‌ಮನ್ ಸ್ವತಃ ಅನಿಲಿನ್ ಬಣ್ಣಗಳ ಸಂಶೋಧನೆಗಿಳಿದು ತಮ್ಮ ಹೆಸರಿನದೇ ಒಂದು ನೇರಳೆಯನ್ನು ಪಡೆದರು.

1862ರ ಲಂಡನ್ ವಸ್ತುಪ್ರದರ್ಶನದ ವರದಿಯಲ್ಲಿ ಅವರೊಂದು ಭವಿಷ್ಯ ನುಡಿದರು. ಇಂಗ್ಲೆಂಡ್ ಜಗತ್ತಿನ ಅತಿದೊಡ್ಡ ಬಣ್ಣದ ಉತ್ಪಾದಕ ದೇಶವಾಗಿ, ನೀಲಿ ಬೆಳೆಯುವ ಭಾರತಕ್ಕೇ ಕಲ್ಲಿದ್ದಲಿನ ನೀಲಿಯನ್ನು ಕಳುಹಿಸುವ ದಿನ ಬರಬಹುದೆಂಬುದು ಅದರ ತಾತ್ಪರ್ಯ. ಇದರಲ್ಲಿ ಅರ್ಧ ನಿಜವಾಯಿತು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದು ಭಾರತದ ನೀಲಿ ಬೇಸಾಯ ನೆಲಕಚ್ಚಿತು. ಆದರೆ ಅದು ಬಂದದ್ದು ಇಂಗ್ಲೆಂಡಿನಿಂದಲ್ಲ, ಜರ್ಮನಿಯ ಬಿ.ಎ.ಎಸ್.ಎಫ್. ಕಾರ್ಖಾನೆಯಿಂದ. ಹಾಫ್‌ಮನ್ 1865ರಲ್ಲಿ ಬರ್ಲಿನ್ನಿಗೆ ಮರಳಿದ್ದರು. ಒಬ್ಬ ಪ್ರಾಧ್ಯಾಪಕ ಊರು ಬಿಟ್ಟ ಮಾತ್ರಕ್ಕೆ ಒಂದು ಉದ್ಯಮ ಊರು ಬಿಡುತ್ತದೆಂದು ನಾನು ವಾದಿಸುವುದಿಲ್ಲ. ಅಲ್ಲಿನ ಪ್ರಭುತ್ವ ಅವರಿಗೆ ವಿಶಾಲವಾದ ಹೊಸ ಪ್ರಯೋಗಾಲಯ ಕಟ್ಟಿಸಿಕೊಟ್ಟಿತು, ಕಾರ್ಖಾನೆಗಳು ಅಲ್ಲಿ ತಯಾರಾದ ರಸಾಯನತಜ್ಞರನ್ನು ಸಂಬಳ ಕೊಟ್ಟು ಇಟ್ಟುಕೊಂಡವು. ಇಂಗ್ಲೆಂಡ್ ಇವೆರಡನ್ನೂ ಅರೆಮನಸ್ಸಿನಿಂದ ಮಾಡಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟನ್ ತನಗೆ ಬೇಕಾದ ಬಣ್ಣದ ಬಹುಪಾಲನ್ನು ಶತ್ರುದೇಶದಿಂದಲೇ ತರಿಸುತ್ತಿತ್ತು.

ಇನ್ನು ಹೆಸರುಗಳ ವಿಷಯ. ಇಂಗಾಲ ಮತ್ತು ಜಲಜನಕ ಎರಡೇ ಸೇರಿ ಆದ ವಸ್ತುಗಳೇ ಹೈಡ್ರೋಕಾರ್ಬನ್‌ಗಳು. ಅವುಗಳಿಗೆ ಮನಸ್ಸಿಗೆ ಬಂದಂತೆ ಹೆಸರಿಡುವ ಪರಿಪಾಠವಿತ್ತು. ಒಂದು ಇಂಗಾಲದ ಅನಿಲವನ್ನು ಕೆಲವರು ಜೌಗಿನ ಅನಿಲ ಎನ್ನುತ್ತಿದ್ದರು, ಎರಡು ಇಂಗಾಲದ್ದೊಂದನ್ನು ಎಣ್ಣೆ ಮಾಡುವ ಅನಿಲ ಎನ್ನುತ್ತಿದ್ದರು. 1866ರಲ್ಲಿ ಹಾಫ್‌ಮನ್ ಒಂದು ಕ್ರಮವನ್ನು ಸೂಚಿಸಿದರು. ಹೆಸರಿನ ಮೊದಲ ಭಾಗ ಇಂಗಾಲ ಎಷ್ಟಿದೆಯೆಂದು ಹೇಳಬೇಕು, ಕೊನೆಯ ಭಾಗದ ಸ್ವರ ಜಲಜನಕ ಎಷ್ಟು ಕಡಿಮೆಯಾಗಿದೆಯೆಂದು ಹೇಳಬೇಕು. ಲ್ಯಾಟಿನ್ ಸ್ವರಗಳಾದ ಎ, ಇ, ಐ, ಓ, ಯು ಇವುಗಳನ್ನು ಅದೇ ಅನುಕ್ರಮದಲ್ಲಿ ಬಳಸಿದರು. ಕನ್ನಡದ ಮಗುವಿಗೆ ಇದು ಹೊಸದೇ ಅಲ್ಲ, ಇದು ಕಾಗುಣಿತ. ವ್ಯಂಜನ ಅದೇ, ಸ್ವರ ಮಾತ್ರ ಬೇರೆ. ಎರಡು ಇಂಗಾಲ, ಆರು ಜಲಜನಕವಿದ್ದರೆ ಈಥೇನ್. ಅದರಿಂದ ಎರಡು ಜಲಜನಕ ತೆಗೆದರೆ ಈಥೀನ್, ಇದು ಬಾಳೆಯ ಗೊನೆಯನ್ನು ಹಣ್ಣು ಮಾಡುವ ಅನಿಲ. ಇನ್ನೆರಡು ತೆಗೆದರೆ ಈಥೈನ್, ಇದು ಗ್ಯಾಸ್ ವೆಲ್ಡಿಂಗ್ ಅಂಗಡಿಯ ಅಸಿಟಿಲೀನ್. ಐದು ಸ್ವರಗಳಲ್ಲಿ ಮೊದಲ ಮೂರು ಇಂದಿಗೂ ಉಳಿದಿವೆ. ಮೂರನೆಯದರ ಕಾಗುಣಿತ ಮಾತ್ರ ಬದಲಾಗಿದೆ. ಕೊನೆಯ ಎರಡು ಈ ಕೆಲಸಕ್ಕೆ ಬಳಕೆಗೆ ಬರಲಿಲ್ಲ.

ಮೊದಲ ಭಾಗದಲ್ಲಿ ಅವರು ಹಳೆಯ ಬಳಕೆಗೆ ಸ್ವಲ್ಪ ಮಣಿದರು. ಮೀಥ್ ಎಂಬುದರ ಹಿಂದೆ ಮದ್ಯ ಮತ್ತು ಸೌದೆ ಎಂಬ ಅರ್ಥದ ಎರಡು ಗ್ರೀಕ್ ಪದಗಳಿವೆ, ಏಕೆಂದರೆ ಆ ಬಳಗದ ಸ್ಪಿರಿಟ್ಟನ್ನು ಸೌದೆಯಿಂದ ಇಳಿಸುತ್ತಿದ್ದರು. ಈಥ್ ಬಂದದ್ದು ಈಥರ್‌ನಿಂದ. ಪ್ರೊಪ್ ಎಂದರೆ ಮೊದಲ ಕೊಬ್ಬು. ನಾಲ್ಕನೆಯದಕ್ಕೆ ಹಾಫ್‌ಮನ್ ಲ್ಯಾಟಿನ್ ಸಂಖ್ಯೆ ಹಿಡಿದು ಕ್ವಾರ್ಟೇನ್ ಎಂದರು. ಅದು ನಿಲ್ಲಲಿಲ್ಲ. ಬೆಣ್ಣೆಯ ಹೆಸರು ಹೊತ್ತ ಬ್ಯೂಟೇನ್ ಗೆದ್ದಿತು. ಐದರಿಂದ ಮುಂದೆ ಗ್ರೀಕ್ ಎಣಿಕೆ ಹೊಕ್ಕು ಪೆಂಟೇನ್, ಹೆಕ್ಸೇನ್ ಆದವು. ಯಾವ ಸರ್ಕಾರಿ ನಿಯಮಾವಳಿಯೂ ಕರಡಿನಲ್ಲಿದ್ದಂತೆ ಜಾರಿಯಾಗುವುದಿಲ್ಲವಷ್ಟೆ!

ನಮ್ಮ ನೆರೆಯ ಹೊಗೆಸೊಪ್ಪು ಬೆಳೆಗಾರರೊಬ್ಬರ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ವಿಜ್ಞಾನ ಸೇರಿದ್ದಳು. ಎರಡೇ ತಿಂಗಳಿಗೆ ಕಲಾ ವಿಭಾಗಕ್ಕೆ ಬದಲಾಯಿಸಿಕೊಳ್ಳುವ ಅರ್ಜಿ ಬರೆದು, ತಾತ ಒಮ್ಮೆ ನೋಡಿಕೊಡಲಿ ಎಂದು ತಂದಳು. ಇಂಗ್ಲಿಷಿನ ಈ ಹೆಸರುಗಳು ತಲೆಗೆ ಹತ್ತುವುದಿಲ್ಲವೆಂಬುದು ಆಕೆಯ ಅಳಲು. ಅವು ಇಂಗ್ಲಿಷೇ ಅಲ್ಲ, ಇಂಗ್ಲಿಷಿನ ಮಕ್ಕಳಿಗೂ ಅಷ್ಟೇ ಪರಕೀಯ ಎಂದು ಹೇಳಿ, ಅಡುಗೆಮನೆಯ ಸಿಲಿಂಡರನ್ನೇ ಪಾಠವಾಗಿಸಿದೆ. ಅದರೊಳಗಿರುವುದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್. ಅವುಗಳಿಗೆ ಸ್ವಂತ ವಾಸನೆಯಿಲ್ಲ, ಸೋರಿಕೆ ತಿಳಿಯಲೆಂದು ನಾತದ ವಸ್ತುವೊಂದನ್ನು ಬೆರೆಸುತ್ತಾರೆ. ಸೆಗಣಿ ಅನಿಲದ ಗುಂಡಿಯಲ್ಲಿ ಉರಿಯುವ ಭಾಗ ಮೀಥೇನ್. ಅವರ ಹೊಲದ ಹೊಗೆಸೊಪ್ಪಿನ ಎಲೆಯ ಮೇಣದಲ್ಲಿಯೂ ಮೂವತ್ತರ ಆಸುಪಾಸಿನ ಇಂಗಾಲಗಳ ಇದೇ ವಂಶದ ಸರಪಳಿಗಳಿವೆ. ಇಂಗಾಲದ ಎರಡರಷ್ಟಕ್ಕೆ ಎರಡು ಕೂಡಿಸಿದರೆ ಜಲಜನಕದ ಲೆಕ್ಕ ಬರುತ್ತದೆಂದಾಗ ಆಕೆ ಕ್ಷಣದಲ್ಲಿ ಹತ್ತರವರೆಗೆ ಲೆಕ್ಕ ಹಾಕಿ ತೋರಿಸಿದಳು. ಆಮೇಲೆ ಅರ್ಜಿ ಹರಿದುಹಾಕಿದಳೆಂದು ಬರೆಯಲು ನನಗೂ ಆಸೆ. ಆದರೆ ಪ್ರಯೋಗದ ತರಗತಿ ಮುಗಿದ ಮೇಲೆ ಊರಿಗೆ ಬಸ್ಸಿರಲಿಲ್ಲ. ಆಕೆ ಕಲಾ ವಿಭಾಗಕ್ಕೇ ಹೋದಳು. ಹೆಸರುಗಳ ತೊಡಕನ್ನು ಒಂದು ಸಂಜೆಯಲ್ಲಿ ಬಿಡಿಸಬಹುದಿತ್ತು, ಬಸ್ಸಿನ ತೊಡಕನ್ನಲ್ಲ.

ಹಾಫ್‌ಮನ್ ಮಾತ್ರ ಕಣ್ಣಿಗೆ ಕಾಣದ್ದನ್ನು ಕಣ್ಣಿಗೆ ತೋರಿಸುವುದರಲ್ಲಿ ನಿಸ್ಸೀಮರು. 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ನೀಡುವಾಗ ಕ್ರೋಕೆ ಆಟದ ಮರದ ಚೆಂಡುಗಳಿಗೆ ಕಡ್ಡಿ ಚುಚ್ಚಿ ಅಣುಗಳ ಮಾದರಿ ಕಟ್ಟಿದರು. ಇಂಗಾಲಕ್ಕೆ ಕಪ್ಪು, ಜಲಜನಕಕ್ಕೆ ಬಿಳಿ, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ. ಇಂದು ಶಾಲೆಗಳಿಗೆ ಬರುವ ಪ್ಲಾಸ್ಟಿಕ್ ಮಾದರಿಗಳಲ್ಲಿಯೂ ಇದೇ ಬಣ್ಣಗಳಿವೆ.

ಬರ್ಲಿನ್ನಿನಲ್ಲಿ ಅವರು 1867ರಲ್ಲಿ ಜರ್ಮನ್ ಕೆಮಿಕಲ್ ಸೊಸೈಟಿಯನ್ನು ಕಟ್ಟಿ ಅದರ ಮೊದಲ ಅಧ್ಯಕ್ಷರಾದರು. ಸಂಸಾರದಲ್ಲಿ ಮಾತ್ರ ಸಾವು ಬೆನ್ನು ಬಿಡಲಿಲ್ಲ. ಮೂವರು ಪತ್ನಿಯರನ್ನು ಕಳೆದುಕೊಂಡು ನಾಲ್ಕನೆಯ ಬಾರಿ ವಿವಾಹವಾದರು. ಹನ್ನೊಂದು ಮಕ್ಕಳ ತಂದೆ. 1888ರಲ್ಲಿ, ಎಪ್ಪತ್ತನೆಯ ಹುಟ್ಟುಹಬ್ಬದಂದು, ಕುಲೀನ ಪದವಿ ದೊರೆತು ಹೆಸರಿನೊಳಗೆ ಫಾನ್ ಸೇರಿತು.

ಅವರ ಜರ್ಮನಿಗೂ ನಮ್ಮ ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಿಗೂ ಒಂದು ನಂಟಿತ್ತು. ಮೈಸೂರು ಸಂಸ್ಥಾನದ ಶ್ರೀಗಂಧ ಹರಾಜಾಗಿ ಹಡಗು ಹತ್ತಿ ಹೋಗುತ್ತಿದ್ದುದು ಬಹುಮಟ್ಟಿಗೆ ಜರ್ಮನಿಯ ಭಟ್ಟಿಗಳಿಗೆ. 1914ರಲ್ಲಿ ಆ ದಾರಿ ಮುಚ್ಚಿತು. ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯತ್ತ ತಿರುಗಿದರು. ಅಲ್ಲಿನ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಇಳಿಸುವ ಕ್ರಮವನ್ನು ರೂಪಿಸಿದರು. 1916ರ ಹೊತ್ತಿಗೆ ನಮ್ಮ ಗಂಧದೆಣ್ಣೆ ನಮ್ಮಲ್ಲೇ ತಯಾರಾಗತೊಡಗಿತು. ಆ ಎಣ್ಣೆಯಲ್ಲಿರುವ ಹೈಡ್ರೋಕಾರ್ಬನ್ನಿಗೆ ಸ್ಯಾಂಟಲೀನ್ ಎಂದು ಹೆಸರು, ಕೊನೆಯ ಸ್ವರ ಹಾಫ್‌ಮನ್ನರ ಎರಡನೆಯದು. ಜರ್ಮನ್ ರಸಾಯನತಜ್ಞ ಬರ್ನ್‌ಥ್ಸೆನ್ ಅವರ ಸಾವಯವ ರಸಾಯನಶಾಸ್ತ್ರ ಪಠ್ಯದ ಇಂಗ್ಲಿಷ್ ಆವೃತ್ತಿಯನ್ನು ಪರಿಷ್ಕರಿಸಿದವರೂ ಇದೇ ಸಡ್‌ಬರೊ.

1892ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಮೂವತ್ತಕ್ಕೂ ಹೆಚ್ಚು ರಸಾಯನತಜ್ಞರು ಸೇರಿ ಹೆಸರುಗಳಿಗೆ ಅಂತರರಾಷ್ಟ್ರೀಯ ನಿಯಮ ಮಾಡಿದರು. ಅತಿ ಉದ್ದದ ಸರಪಳಿ ಮೂಲ, ಕವಲುಗಳಿಗೆ ಸಂಖ್ಯೆ. ಸರ್ವೆ ನಂಬರಿಗೆ ಪೋಡಿ ಮಾಡಿದಂತೆ. ಸಿಲಿಂಡರಿನಲ್ಲಿರುವ ಕವಲುಳ್ಳ ಬ್ಯೂಟೇನ್ ಈ ಲೆಕ್ಕದಲ್ಲಿ 2-ಮೀಥೈಲ್‌ಪ್ರೊಪೇನ್. ನಿಯಮದ ತಳಹದಿಯಲ್ಲಿ ಹಾಫ್‌ಮನ್ನರ ಸ್ವರಗಳೇ ಇದ್ದವು. ಸಭೆ ಮುಗಿದು ಎರಡು ವಾರ ಕಳೆಯುವುದರೊಳಗೆ, ಮೇ 5ರಂದು, ಅವರು ಬರ್ಲಿನ್ನಿನಲ್ಲಿ ನಿಧನರಾದರು.