ದಿನಕ್ಕೊಂದು ಗಿಡ: ಡಾ. ಹ್ಯೂ ಕ್ಲೆಗಾರ್ನರ ಬಾಳು ಮತ್ತು ಸಾಧನೆ

ಗ್ರಂಥದಿಂದ ದೊರೆಯುವ ವಿದ್ಯೆ ಒಂದು ಬಗೆಯದು. ಕಣ್ಣಿನಿಂದ ದೊರೆಯುವ ವಿದ್ಯೆ ಮತ್ತೊಂದು ಬಗೆಯದು. ಅನ್ಯರು ಕಂಡು ತಿಳಿದುದನ್ನು ಗ್ರಂಥವು ನಮಗೆ ಮುಟ್ಟಿಸುತ್ತದೆ. ಆದರೆ ತಾನೇ ಕಂಡು, ತಾನೇ ಬರೆದಿಟ್ಟು, ಮರುದಿನ ಅದನ್ನು ಮತ್ತೆ ತಿದ್ದಿಕೊಂಡು ಪಡೆದ ತಿಳಿವು ಮನಸ್ಸಿನಲ್ಲಿ ಬೇರೂರಿ ನಿಲ್ಲುತ್ತದೆ. ಪ್ರಕೃತಿಯ ದಿನಚರಿಯನ್ನು ಬರೆಯುವ ಅಭ್ಯಾಸವು ಈ ಎರಡನೆಯ ಬಗೆಯ ವಿದ್ಯೆಗೆ ರಾಜಮಾರ್ಗ. ಈ ಮಾರ್ಗದಲ್ಲಿ ನಡೆದು, ದಿನಕ್ಕೆ ಕಾಲು ಗಂಟೆಯ ಅವಲೋಕನದಿಂದ ಆರಂಭಿಸಿ, ಭರತಖಂಡದ ಅರಣ್ಯಗಳ ಭವಿಷ್ಯವನ್ನೇ ನಿರ್ಧರಿಸುವ ಸ್ಥಾನಕ್ಕೆ ಏರಿದ ವೈದ್ಯರೊಬ್ಬರ ಚರಿತ್ರೆ ನಮ್ಮ ಕನ್ನಡ ನಾಡಿನಲ್ಲಿಯೇ ಇದೆ. ಅವರು ಡಾ. ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗಾರ್ನ್. ಅವರ ಅಭ್ಯಾಸವು ಮೊಳೆತ ಊರು ಶಿವಮೊಗ್ಗ.

ಕ್ಲೆಗಾರ್ನರು 1820ರ ಆಗಸ್ಟ್ 9ರಂದು ಮದರಾಸಿನಲ್ಲಿ ಜನಿಸಿದರು. ಅವರ ತಂದೆ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿಯಾಗಿದ್ದರು. ಆ ಕಾಲದ ಆಂಗ್ಲ ಅಧಿಕಾರಿಗಳ ಮಕ್ಕಳಂತೆ ಇವರನ್ನೂ ಬಾಲ್ಯದಲ್ಲಿಯೇ ಸ್ವದೇಶಕ್ಕೆ ಕಳುಹಿಸಲಾಯಿತು. ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಸ್ಟ್ರಾವಿಥಿ ಎಂಬಲ್ಲಿ ಮನೆತನದ ಹೊಲ ತೋಟಗಳಿದ್ದವು. ಅವುಗಳ ನಡುವೆ ಬೆಳೆದ ಬಾಲಕನಿಗೆ ಮಣ್ಣಿನ ಮತ್ತು ಮರಗಿಡಗಳ ಪರಿಚಯವು ಸಹಜವಾಗಿಯೇ ಆಯಿತು. ಮುಂದೆ ಎಡಿನ್‌ಬರೊ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1841ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಔಷಧಿಗಳಲ್ಲಿ ಬಹುಪಾಲು ಸಸ್ಯಜನ್ಯವಾಗಿದ್ದ ಕಾಲ ಅದು. ಆದುದರಿಂದ ವೈದ್ಯ ವಿದ್ಯಾರ್ಥಿಯು ಸಸ್ಯಶಾಸ್ತ್ರವನ್ನೂ ಕಲಿಯಲೇಬೇಕಾಗಿತ್ತು. ಅನೇಕರಿಗೆ ಅದು ಪರೀಕ್ಷೆಯ ಹೊರೆ. ಕ್ಲೆಗಾರ್ನರಿಗೆ ಜೀವನದ ಒಲವು. 1842ರಲ್ಲಿ ಅವರು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಸೇವೆಗೆ ಸೇರಿ ತಾವು ಹುಟ್ಟಿದ ಊರಿಗೇ ಮರಳಿದರು.

ಆಗ ಮೈಸೂರು ಸಂಸ್ಥಾನವು ಆಂಗ್ಲ ಕಮೀಷನರ ಆಳ್ವಿಕೆಯಲ್ಲಿತ್ತು. ಮಾರ್ಕ್ ಕಬ್ಬನ್ನರು ಆ ಸ್ಥಾನದಲ್ಲಿದ್ದರು. ಅವರ ಆಡಳಿತದಲ್ಲಿ ಕ್ಲೆಗಾರ್ನರಿಗೆ ನಗರ ವಿಭಾಗದ ಮುಖ್ಯ ಪಟ್ಟಣವಾದ ಶಿವಮೊಗ್ಗದಲ್ಲಿ ವೈದ್ಯಾಧಿಕಾರಿಯ ಹುದ್ದೆ ದೊರೆಯಿತು. 1845ರಿಂದ 1847ರವರೆಗಿನ ಅವಧಿ ಅದು. ಅವರ ವಯಸ್ಸು ಆಗ ಇಪ್ಪತ್ತೈದರ ಆಸುಪಾಸು. ಒಂದು ಕಡೆ ತುಂಗೆ, ಮತ್ತೊಂದು ಕಡೆ ಭದ್ರೆ. ಪಶ್ಚಿಮಕ್ಕೆ ಹೊರಟರೆ ಹೆಜ್ಜೆ ಹೆಜ್ಜೆಗೂ ದಟ್ಟವಾಗುವ ಕಾಡು. ತೇಗ, ಬೀಟೆ, ಮತ್ತಿ, ಹೊನ್ನೆ, ನಂದಿ ಮೊದಲಾದ ವೃಕ್ಷಗಳೂ, ಮಳೆಗಾಲ ಕಾಲಿಟ್ಟೊಡನೆ ನೆಲವನ್ನು ಮುಚ್ಚುವ ಅಸಂಖ್ಯ ಸಣ್ಣ ಗಿಡಗಳೂ ಅಲ್ಲಿ ಇದ್ದವು. ಇಂತಹ ಸಸ್ಯಸಂಪತ್ತಿನ ಎದುರು ನಿಂತ ಹೊಸಬನ ಕಣ್ಣು ಕಕ್ಕಾಬಿಕ್ಕಿಯಾಗುವುದೇ ಹೆಚ್ಚು. ಎಲ್ಲವನ್ನೂ ಒಮ್ಮೆಗೇ ನೋಡಹೊರಟವನು ಯಾವುದನ್ನೂ ನೋಡಲಾರ.

ಈ ತೊಡಕಿಗೆ ಪರಿಹಾರವು ದೂರದಿಂದ ಬಂದಿತು. ಲಂಡನ್ನಿನ ಸಮೀಪದ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಸರ್ ವಿಲಿಯಂ ಹೂಕರರು ಸಸ್ಯಾಭ್ಯಾಸಿಗಳಿಗೆ ಒಂದು ಸರಳವಾದ ನಿಯಮವನ್ನು ಸೂಚಿಸಿದ್ದರು. ದಿನಕ್ಕೆ ಒಂದೇ ಗಿಡ, ಅದಕ್ಕೆ ಕಾಲು ಗಂಟೆಯ ಸಮಯ. ಇಷ್ಟೇ ಆ ನಿಯಮ. ಕ್ಲೆಗಾರ್ನರು ಇದನ್ನು ವ್ರತದಂತೆ ಕೈಗೊಂಡರು. ಪ್ರತಿದಿನವೂ ಒಂದು ಸಸ್ಯವನ್ನು ಆರಿಸಿ ಎದುರಿಗಿಟ್ಟುಕೊಂಡು ಪರೀಕ್ಷಿಸುವುದು, ಅದರ ಚಿತ್ರವನ್ನು ವರ್ಣದಲ್ಲಿ ಬರೆಯಿಸುವುದು, ಇದೇ ಅವರ ಕ್ರಮವಾಯಿತು. ಚಿತ್ರರಚನೆಗಾಗಿ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡರು. ವೈದ್ಯ ವೃತ್ತಿಯ ಕರ್ತವ್ಯಗಳ ನಡುವೆ ಈ ನಿತ್ಯಾಭ್ಯಾಸವು ಸಾಗಿ, ಶಿವಮೊಗ್ಗದ ವಾಸ ಮುಗಿಯುವ ವೇಳೆಗೆ ನೂರಾರು ಚಿತ್ರಗಳ ಸಂಗ್ರಹವು ಸಿದ್ಧವಾಗಿತ್ತು.

ಒಣಗಿಸಿದ ಗಿಡವಿರುವಾಗ ಚಿತ್ರವೇಕೆ ಎಂದು ಕೇಳಬಹುದು. ಮಲೆನಾಡಿನ ಮಳೆಗಾಲವನ್ನು ಕಂಡವರಿಗೆ ಇದರ ಉತ್ತರ ಗೊತ್ತು. ತಿಂಗಳುಗಟ್ಟಲೆ ಬಿಸಿಲು ಕಾಣದ ಆ ತೇವದಲ್ಲಿ ಕಾಗದದ ನಡುವೆ ಒತ್ತಿಟ್ಟ ಎಲೆಗೆ ಬೂಷ್ಟು ಹಿಡಿಯುತ್ತದೆ, ಹುಳು ಹತ್ತುತ್ತದೆ. ಒಣಗಿದ ಹೂವಿನ ಬಣ್ಣವಂತೂ ಉಳಿಯುವುದೇ ಇಲ್ಲ. ಇದಕ್ಕಿಂತ ಮುಖ್ಯವಾದ ಮತ್ತೊಂದು ಕಾರಣವೂ ಇದೆ. ಚಿತ್ರ ಬರೆಯುವವನು ಊಹೆಯಿಂದ ಮುಂದುವರಿಯಲಾರ. ನಮ್ಮ ಅಂಗಳದ ದಾಸವಾಳವನ್ನೇ ತೆಗೆದುಕೊಳ್ಳೋಣ. ಎಲ್ಲರೂ ದಿನವೂ ಅದನ್ನು ನೋಡುತ್ತಾರೆ. ಆದರೆ ಚಿತ್ರ ಬರೆಯಲು ಕುಳಿತಾಗಲೇ ಒಂಟಿ ದಳದ ಹೂವಿಗೆ ದಳಗಳು ಐದೆಂಬುದೂ, ಕೇಸರಗಳೆಲ್ಲ ಒಂದುಗೂಡಿ ಕೊಳವೆಯಾಗಿರುವುದೂ, ಆ ಕೊಳವೆಯೊಳಗಿಂದ ಶಲಾಕೆಯು ಹೊರಬಂದು ತುದಿಯಲ್ಲಿ ಐದು ಕವಲಾಗಿರುವುದೂ ಗೋಚರಿಸುತ್ತವೆ. ನೋಡುವುದಕ್ಕೂ ಕಾಣುವುದಕ್ಕೂ ಇರುವ ಅಂತರವನ್ನು ಪೆನ್ಸಿಲು ತೋರಿಸಿಕೊಡುತ್ತದೆ.

ಇಲ್ಲಿ ಆ ಚಿತ್ರಕಾರನ ವಿಷಯವಾಗಿ ಎರಡು ಮಾತು ಹೇಳುವುದು ನ್ಯಾಯ. ಅದೇ ಕಾಲದಲ್ಲಿ ಮದರಾಸು ಪ್ರಾಂತ್ಯದಲ್ಲಿದ್ದ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟರ ಗ್ರಂಥಗಳಿಗೆ ಚಿತ್ರ ಬರೆದ ರಂಗಯ್ಯ ಮತ್ತು ಗೋವಿಂದು ಎಂಬ ಕಲಾವಿದರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಶಿವಮೊಗ್ಗದ ಈ ಕಲಾವಿದನಾದರೋ ಕ್ಲೆಗಾರ್ನರ ಜೀವನವೃತ್ತಾಂತದಲ್ಲಿ ಮರಾಠಿ ಚಿತ್ರಕಾರನೆಂದಷ್ಟೇ ಕಾಣಿಸಿಕೊಳ್ಳುತ್ತಾನೆ. ಕೀರ್ತಿಯು ಸಂಗ್ರಾಹಕನಿಗೆ ಸಂದಿತು. ಎಲೆಯ ನರನರವನ್ನೂ ಕಂಡ ಕಣ್ಣು ಈತನದು. ಕ್ಲೆಗಾರ್ನರ ಗುಣಗಾನ ಮಾಡುವಾಗ ಈ ಋಣವನ್ನು ಮರೆಯಲಾಗದು.

ಒಂದೊಂದೇ ಗಿಡವನ್ನು ಅರಸುತ್ತ ಹೊರಟವರಿಗೆ ಕ್ರಮೇಣ ಕಾಡಿನ ಒಟ್ಟು ಸ್ಥಿತಿಯೇ ಕಣ್ಣಿಗೆ ಬೀಳತೊಡಗಿತು. ಹಡಗು ಕಟ್ಟುವುದಕ್ಕಾಗಿ ತೇಗದ ಮರಗಳು ಉರುಳುತ್ತಿದ್ದವು. ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವ ಕ್ರಮವಿರಲಿಲ್ಲ. ಗುಡ್ಡದ ಇಳಿಜಾರುಗಳಲ್ಲಿ ಕುಮರಿ ಬೇಸಾಯವು ನಡೆಯುತ್ತಿತ್ತು. ಬೇಸಿಗೆಯಲ್ಲಿ ಮರಗಳನ್ನು ಕಡಿದು ಸುಟ್ಟು, ಮೊದಲ ಮಳೆಗೆ ಆ ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯವನ್ನು ಬಿತ್ತಿ, ಒಂದೆರಡು ಬೆಳೆ ತೆಗೆದ ಮೇಲೆ ಆ ನೆಲವನ್ನು ಬಿಟ್ಟು ಮುಂದೆ ಸಾಗುವ ಪದ್ಧತಿಗೆ ಕುಮರಿ ಎಂದು ಹೆಸರು. ಕಾಡು ತೆಳುವಾದಲ್ಲಿ ಮಣ್ಣು ಕೊಚ್ಚಿ ಹೋಗುವುದನ್ನೂ, ತೊರೆಗಳು ಬೇಗನೆ ಬತ್ತುವುದನ್ನೂ ಕುರಿತ ಚಿಂತೆಯು ಅವರ ಮನಸ್ಸಿನಲ್ಲಿ ಇಲ್ಲಿಂದಲೇ ಬಲಿಯಿತು.

ಆರೋಗ್ಯ ಕೆಟ್ಟು 1848ರಲ್ಲಿ ಕ್ಲೆಗಾರ್ನರು ಸ್ವದೇಶಕ್ಕೆ ತೆರಳಬೇಕಾಯಿತು. ಆ ವಿರಾಮವೂ ವ್ಯರ್ಥವಾಗಲಿಲ್ಲ. 1850ರಲ್ಲಿ ಎಡಿನ್‌ಬರೊದಲ್ಲಿ ಸೇರಿದ ಬ್ರಿಟಿಷ್ ವಿಜ್ಞಾನ ಸಂಘದ ಸಭೆಯಲ್ಲಿ ಅವರು ಭಾರತದ ಬೇಲಿಯ ಗಿಡಗಳನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. ಯಾವ ನೆಲಕ್ಕೆ ಯಾವ ಗಿಡದ ಬೇಲಿ ತಕ್ಕುದೆಂಬ ಇಂತಹ ವಿಷಯವು ಹಳ್ಳಿಯ ದಾರಿಗಳಲ್ಲಿ ಕಣ್ತೆರೆದು ನಡೆದವರಿಗಲ್ಲದೆ ಅನ್ಯರಿಗೆ ಹೊಳೆಯುವಂಥದಲ್ಲ. ಅದೇ ಸಂಘವು ಉಷ್ಣವಲಯದ ಅರಣ್ಯಗಳ ನಾಶದಿಂದ ಒದಗುವ ಆರ್ಥಿಕ ಮತ್ತು ಭೌತಿಕ ಪರಿಣಾಮಗಳನ್ನು ಪರಿಶೀಲಿಸಲು ಒಂದು ಸಮಿತಿಯನ್ನು ನೇಮಿಸಿತು. ಕ್ಲೆಗಾರ್ನರೊಡನೆ ಫೋರ್ಬ್ಸ್ ರಾಯಲ್, ಬೇರ್ಡ್ ಸ್ಮಿತ್, ಸ್ಟ್ರಾಚಿ ಎಂಬವರು ಅದರಲ್ಲಿ ಇದ್ದರು. 1851ರಲ್ಲಿ ಒಪ್ಪಿಸಲಾದ ಅವರ ವರದಿಯು ಭಾರತದಲ್ಲಿ ಅರಣ್ಯ ರಕ್ಷಣೆಯ ವಿಚಾರಕ್ಕೆ ಬುನಾದಿಯಾದ ಬರಹಗಳಲ್ಲಿ ಒಂದು. ಶಿವಮೊಗ್ಗದ ಕಾಲು ಗಂಟೆಗಳು ಹೀಗೆ ಫಲ ಕೊಡತೊಡಗಿದವು.

1852ರಲ್ಲಿ ಮರಳಿ ಬಂದ ಅವರು ಮದರಾಸಿನ ವೈದ್ಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾದರು. 1856ರ ಡಿಸೆಂಬರಿನಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಅವರ ನೇಮಕವಾಯಿತು. ರೈಲು ದಾರಿಗಳು ಹಾಸಲ್ಪಡುತ್ತಿದ್ದ ಕಾಲವಾದುದರಿಂದ ಹಳಿಗಳ ಅಡಿಯ ಮರದ ದಿಮ್ಮಿಗೂ ಉಗಿಯಂತ್ರದ ಸೌದೆಗೂ ಕಾಡಿನ ಮೇಲೆ ಬಿದ್ದ ಒತ್ತಡವು ಅಪಾರ. ಕ್ಲೆಗಾರ್ನರು ವರ್ಷವರ್ಷವೂ ದೀರ್ಘ ಪ್ರವಾಸ ಮಾಡಿ ಕಾಡುಗಳನ್ನು ಕಣ್ಣಾರೆ ಕಂಡು ವರದಿಗಳನ್ನು ಬರೆದರು. ದಕ್ಷಿಣ ಭಾರತದ ಅರಣ್ಯಗಳು ಮತ್ತು ಉದ್ಯಾನಗಳನ್ನು ಕುರಿತ ಅವರ ಗ್ರಂಥವು 1861ರಲ್ಲಿ ಪ್ರಕಟವಾಯಿತು.

ನಮ್ಮ ಬೆಂಗಳೂರಿಗೂ ಅವರ ಉಪಕಾರವು ಸಂದಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಿಂದ ಬಂದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಳ್ಳುವಲ್ಲಿ ಕ್ಲೆಗಾರ್ನರ ಸಲಹೆ ಇತ್ತು. ಕ್ಯೂ ಉದ್ಯಾನದಲ್ಲಿ ಪಳಗಿದ ವಿಲಿಯಂ ನ್ಯೂ 1858ರಲ್ಲಿ ಅದರ ಮೇಲ್ವಿಚಾರಕರಾಗಿ ಬಂದರು. ನಮ್ಮ ಶಾಲೆಯ ಮಕ್ಕಳು ಪ್ರತಿವರ್ಷ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬೆರಗಾಗುವ ತೋಟದ ಹಿಂದೆ ಈ ವೈದ್ಯರ ವಿವೇಕವೂ ಇದೆಯೆಂಬುದು ಸ್ಮರಣೀಯ.

ಮಹನೀಯರ ಚರಿತ್ರೆಯಲ್ಲಿ ಬೆಳಕಿನ ಪಕ್ಕದ ನೆರಳನ್ನೂ ನೋಡಬೇಕು. ಅರಣ್ಯಾಧಿಕಾರಿಯಾಗಿ ಕ್ಲೆಗಾರ್ನರು ಕುಮರಿಯನ್ನು ಕಟುವಾಗಿ ವಿರೋಧಿಸಿದರು. 1860ರಲ್ಲಿ ಮದರಾಸು ಸರ್ಕಾರವು ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು. ಕನ್ನಡ ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಕರಾವಳಿ ಮತ್ತು ಘಟ್ಟದ ಪ್ರದೇಶವು ಆಗ ಆ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿಯ ಕುಣಬಿಯರು, ಮಲೆಕುಡಿಯರು ಮೊದಲಾದ ಗುಡ್ಡಗಾಡಿನ ಜನರಿಗೆ ಕುಮರಿಯೇ ಅನ್ನದ ದಾರಿ. ಬಿಟ್ಟ ನೆಲವು ಹಲವು ವರ್ಷ ಬೀಳಿದ್ದು ಮತ್ತೆ ಕಾಡಾಗುವಷ್ಟು ಅವಕಾಶವಿದ್ದರೆ ಈ ಪದ್ಧತಿಯಿಂದ ಕೇಡು ಅಲ್ಪವೆಂದು ಇಂದಿನ ತಜ್ಞರಲ್ಲಿ ಅನೇಕರು ಒಪ್ಪುತ್ತಾರೆ. ಹಡಗಿಗೂ ರೈಲಿಗೂ ಮರ ಕಡಿದ ಸರ್ಕಾರವೇ ಬಡವನ ಕೊಡಲಿಯನ್ನು ಮೊದಲು ತಡೆಯಿತೆಂಬ ಆಕ್ಷೇಪಣೆಯೂ ನಿರಾಧಾರವಾದುದಲ್ಲ. ದಿನಕ್ಕೊಂದು ಗಿಡವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು, ಆ ಗಿಡಗಳ ನಡುವೆ ಬಾಳುತ್ತಿದ್ದ ಮನುಷ್ಯರನ್ನು ಅಷ್ಟೇ ತಾಳ್ಮೆಯಿಂದ ಕಾಣಲಿಲ್ಲ. ಏನನ್ನು ಬರೆದುಕೊಳ್ಳುತ್ತೇವೆಯೋ ಅದನ್ನು ಕುರಿತು ನಮ್ಮ ದೃಷ್ಟಿ ಹರಿತವಾಗುತ್ತದೆ. ಬರೆಯದೆ ಬಿಟ್ಟುದು ಮರೆಗೆ ಸರಿಯುತ್ತದೆ. ದಿನಚರಿಯ ಶಕ್ತಿಯೂ ಮಿತಿಯೂ ಇದೇ.

ಮುಂದೆ ಅವರು ಪಂಜಾಬು ಮತ್ತು ಪಶ್ಚಿಮ ಹಿಮಾಲಯದ ಕಾಡುಗಳನ್ನು ಪರಿಶೀಲಿಸಿ 1864ರಲ್ಲಿ ವರದಿಯನ್ನು ಪ್ರಕಟಿಸಿದರು. ಭಾರತದ ಅರಣ್ಯಗಳ ಮಹಾನಿರೀಕ್ಷಕರಾಗಿದ್ದ ಡೀಟ್ರಿಚ್ ಬ್ರಾಂಡಿಸರು ರಜೆಯ ಮೇಲೆ ತೆರಳಿದಾಗ ಆ ಹೊಣೆಯನ್ನೂ ನಿರ್ವಹಿಸಿದರು. ನಿವೃತ್ತರಾಗಿ ಸ್ಟ್ರಾವಿಥಿಗೆ ಮರಳಿದ ಮೇಲೂ ಅರಣ್ಯಶಾಸ್ತ್ರದ ಬೋಧನೆಗೆ ಸ್ಕಾಟ್ಲೆಂಡಿನಲ್ಲಿ ನೆಲೆ ದೊರಕಿಸಲು ಶ್ರಮಿಸಿದರು. 1895ರ ಮೇ 16ರಂದು ಅಲ್ಲಿಯೇ ಕಾಲವಾದರು. ಕಣಗಿಲೆಯ ಕುಟುಂಬಕ್ಕೆ ಸೇರಿದ ಒಂದು ಸಸ್ಯಜಾತಿಗೆ ರಾಬರ್ಟ್ ವೈಟರು ಕ್ಲೆಗಾರ್ನಿಯಾ ಎಂದು ಹೆಸರಿಟ್ಟಿದ್ದಾರೆ. ಅವರು ಬರೆಯಿಸಿದ ಮತ್ತು ಸಂಗ್ರಹಿಸಿದ ಸುಮಾರು 3000 ಸಸ್ಯಚಿತ್ರಗಳು ಎಡಿನ್‌ಬರೊದ ರಾಜೋದ್ಯಾನದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಶಿವಮೊಗ್ಗದ ಯಾವುದೋ ಹೊಲದ ಬದುವಿನಲ್ಲಿ 1846ರ ಸುಮಾರಿಗೆ ಅರಳಿದ ಹೂವು ತನ್ನ ಬಣ್ಣದೊಡನೆ ಅಲ್ಲಿ ಉಳಿದಿದೆ.

ಈ ಚರಿತ್ರೆಯನ್ನು ನಮ್ಮ ಶಾಲೆಯ ಸಂಚಿಕೆಯಲ್ಲಿ ಸ್ಮರಿಸಲು ಕಾರಣವಿದೆ. ನಾವಿರುವ ಬೆಂಗಳೂರಿನ ಉತ್ತರ ಭಾಗವು ನೋಡನೋಡುತ್ತಿದ್ದಂತೆಯೇ ರೂಪಾಂತರಗೊಂಡಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದ ಮೇಲಂತೂ ಹೆಬ್ಬಾಳದಿಂದ ಯಲಹಂಕದವರೆಗಿನ ಬಳ್ಳಾರಿ ರಸ್ತೆಯನ್ನು ಹಿರಿಯ ವಿದ್ಯಾರ್ಥಿಗಳು ಗುರುತಿಸಲಾರರು. ಅವರು ಬಾಲ್ಯದಲ್ಲಿ ಕಂಡ ಸಾಲುಮರಗಳೆಷ್ಟೋ ಇಂದು ಇಲ್ಲ. ಅವು ಎಲ್ಲಿದ್ದವು, ಯಾವ ಜಾತಿಯವು, ಯಾವ ಮಾಸದಲ್ಲಿ ಹೂ ಬಿಡುತ್ತಿದ್ದವು ಎಂಬುದನ್ನು ಅಂದು ಒಬ್ಬ ವಿದ್ಯಾರ್ಥಿಯಾದರೂ ಬರೆದಿಟ್ಟಿದ್ದರೆ ಆ ಪುಸ್ತಕವು ಇಂದು ಅಮೂಲ್ಯ ದಾಖಲೆಯಾಗುತ್ತಿತ್ತು. ಉಳಿದಿರುವುದಾದರೂ ಕಡಿಮೆಯಲ್ಲ. ಯಲಹಂಕದ ಪುಟ್ಟೇನಹಳ್ಳಿ ಕೆರೆಯು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಗಿದೆ. ಜಾರಕಬಂಡೆ ಕಾವಲಿನ ಕಾಡು, ಹೆಬ್ಬಾಳದ ಕೆರೆ, ಕೃಷಿ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ, ಇವೆಲ್ಲವೂ ನಮ್ಮ ಮಕ್ಕಳಿಗೆ ತೆರೆದ ಗ್ರಂಥಾಲಯಗಳೇ.

ಅಧ್ಯಾಪಕರು ಮಾಡಬೇಕಾದುದು ಅಧಿಕವೇನಲ್ಲ. ಪ್ರತಿ ಮಗುವೂ ಆವರಣದ ಒಂದು ಮರವನ್ನು ವರ್ಷಪೂರ್ತಿ ತನ್ನದೆಂದು ಭಾವಿಸಲಿ. ಅದು ಹೊಂಗೆಯಾಗಿದ್ದರೆ, ಯುಗಾದಿಯ ಆಸುಪಾಸಿನಲ್ಲಿ ಹಳೆಯ ಎಲೆಗಳು ಉದುರಿ ಎಳೆ ಹಸುರು ಮೂಡುವ ದಿನವನ್ನೂ, ಹೂವು ನೆಲವನ್ನು ಮುಚ್ಚುವ ವಾರವನ್ನೂ, ಕಾಯಿ ಬಲಿಯುವ ಕಾಲವನ್ನೂ ಬರೆದಿಡಲಿ. ದಿನಾಂಕ, ವೇಳೆ, ಹವೆ, ಕಂಡ ಕೀಟ, ಕುಳಿತ ಹಕ್ಕಿ, ಮನೆಯ ಹಿರಿಯರು ಹೇಳಿದ ಹೆಸರು ಮತ್ತು ಉಪಯೋಗ, ಜೊತೆಗೆ ಒಂದು ಚಿತ್ರ; ಇಷ್ಟಿದ್ದರೆ ಸಾಕು. ಚಿತ್ರದ ಅಂದಕ್ಕೆ ಅಂಕವಿರಕೂಡದು. ಎಲೆಗಳು ಎದುರುಬದುರಾಗಿವೆಯೇ ಪರ್ಯಾಯವಾಗಿವೆಯೇ ಎಂಬುದು ಸರಿಯಾಗಿದ್ದರೆ ಸೊಟ್ಟ ಗೆರೆಯೂ ಪೂಜ್ಯವೇ. ಗಿಡದ ಪಕ್ಕದಲ್ಲಿ ಅದನ್ನು ನೆಟ್ಟವರು ಯಾರು, ನೀರೆರೆಯುವ ಮಾಲಿ ಯಾರು, ಅದರ ನೆರಳಿನಲ್ಲಿ ಕುಳಿತು ಬದುಕುವವರು ಯಾರು ಎಂಬುದನ್ನೂ ಬರೆಯುವಂತೆ ಹೇಳಿಕೊಡಬೇಕು. ಕ್ಲೆಗಾರ್ನರ ಪುಟಗಳಲ್ಲಿ ಕಡಿಮೆಯಾದುದು ನಮ್ಮ ಮಕ್ಕಳ ಪುಟಗಳಲ್ಲಿ ತುಂಬಲಿ.

ದಾನಿಗಳ ಔದಾರ್ಯದಿಂದ ಈ ವಿದ್ಯಾಸಂಸ್ಥೆಗೆ ಕಟ್ಟಡಗಳೂ ಪ್ರಯೋಗಶಾಲೆಗಳೂ ಬಂದಿವೆ. ಈ ಕಾರ್ಯಕ್ಕೆ ಬೇಕಾದುದು ಗೆರೆಯಿಲ್ಲದ ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ತುಂಬಿದ ಪುಸ್ತಕಗಳನ್ನು ಗೆದ್ದಲು ಮುಟ್ಟದಂತೆ ಕಾಪಾಡುವ ಒಂದು ಬೀರು. ಕಾಲು ಗಂಟೆಯ ಸಮಯವನ್ನು ಶಾಲೆಯ ವೇಳಾಪಟ್ಟಿಯೇ ಒದಗಿಸಬಲ್ಲದು.